ಏಳರ ಕಟ್ಟು, ಆರರ ಲೆಕ್ಕ

ಆ ಗುಂಡಿ ಕಾರ್ಖಾನೆಯಲ್ಲಿ ಹತ್ತರ ಲೆಕ್ಕ ನಡೆಯುತ್ತಿರಲಿಲ್ಲ. ಅಂಗಿಯ ಗುಂಡಿಗಳನ್ನು ಹಳೆಯ ಯಂತ್ರ ಕಾರ್ಡಿಗೆ ಏಳರಂತೆ ಹೊಲಿಯುತ್ತಿತ್ತು. ಏಳು ಕಾರ್ಡು ಸೇರಿದರೆ ಒಂದು ಪೊಟ್ಟಣ. ಪೆಟ್ಟಿಗೆಯ ಮುಚ್ಚಳದ ಮೇಲೆ ಮೂರೇ ಅಂಕಿ: ಪೊಟ್ಟಣ ಎಷ್ಟು, ಕಾರ್ಡು ಎಷ್ಟು, ಬಿಡಿ ಎಷ್ಟು. ಏಳಾದದ್ದು ಮೇಲಿನ ಮನೆಗೆ ಹೋಗಿಬಿಡುವುದರಿಂದ ಏಳು, ಎಂಟು, ಒಂಬತ್ತಕ್ಕೆ ಆ ಮುಚ್ಚಳದಲ್ಲಿ ಜಾಗವೇ ಇಲ್ಲ.

ಮಗ್ಗಿಯಕ್ಕ ಅಲ್ಲಿ ಹತ್ತೊಂಬತ್ತು ವರ್ಷ ನಿಂತೇ ದುಡಿದವಳು. ಮಂಡಿ ಕೈಕೊಟ್ಟಿತ್ತು. ಹೊರಹೋಗುವ ಪೆಟ್ಟಿಗೆಗಳ ತಪಾಸಣೆಯ ಕುರ್ಚಿ ಖಾಲಿಯಾಗುತ್ತದೆ ಎಂದು ಕೇಳಿದಾಗಿನಿಂದ ಕಣ್ಣೆಲ್ಲ ಅದರ ಮೇಲೇ. ಇಡೀ ಹಜಾರದಲ್ಲಿ ಕೂತು ಮಾಡುವ ಕೆಲಸ ಅದೊಂದೇ.

ಪಕ್ಕದ ಮೇಜಿನವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಒಂದು ಮಧ್ಯಾಹ್ನ ಬುತ್ತಿ ಬಿಚ್ಚುತ್ತಾ ಮಗ್ಗಿಯಕ್ಕ ತನ್ನ ಗುಟ್ಟನ್ನೂ ಬಿಚ್ಚಿದಳು.

"ಅಂಗಿಗೆ ಆರು ಗುಂಡಿ ತಾನೆ? ಆರ್ಡರ್ ಯಾವತ್ತೂ ಆರಾರರ ಲೆಕ್ಕದಲ್ಲೇ ಬರುತ್ತೆ. ಮುಚ್ಚಳದ ಮೂರು ಅಂಕಿ ಕೂಡಿಸು. ಆರರ ಮಗ್ಗಿಯಲ್ಲಿ ಬಿತ್ತೋ, ಸರಿ. ಬೀಳಲಿಲ್ವೋ, ಎಲ್ಲೋ ಎಡವಟ್ಟಾಗಿದೆ."

"ಇದೇನಕ್ಕಾ, ಮಂತ್ರವಾ?"

"ಮಂತ್ರವೂ ಅಲ್ಲ, ಮಣ್ಣೂ ಅಲ್ಲ ಕಣೇ. ಕಾರ್ಡಿನಿಂದ ಆರು ತೆಗೆದರೆ ಮಿಗೋದು ಒಂದು. ಪೊಟ್ಟಣದಲ್ಲಿ ನಲವತ್ತೊಂಬತ್ತು; ಎಂಟು ಅಂಗಿಗೆ ಕೊಟ್ಟರೂ ಮಿಗೋದು ಒಂದೇ. ದೊಡ್ಡ ಮನೆ, ಚಿಕ್ಕ ಮನೆ, ಎಲ್ಲಾ ಕಡೆ ಮಿಕ್ಕೋರು ಒಬ್ಬೊಬ್ಬರೇ. ಆ ಒಬ್ಬೊಬ್ಬರನ್ನ ಕೂಡಿಸೋದು ಅಷ್ಟೇ. ಇನ್ನೊಂದು ಮಾತಿದೆ..."

ಗಂಟೆ ಹೊಡೆಯಿತು. "ನಾಳೆ ಹೇಳ್ತೀನಿ" ಅಂದಳು.

ಆ ನಾಳೆಯ ಊಟದ ಹೊತ್ತು ಬರುವ ಮೊದಲೇ ಓರಗಿತ್ತಿ ಸೂಪರ್‌ವೈಸರನ ಮುಂದೆ ಲೆಕ್ಕ ಒಪ್ಪಿಸುತ್ತಿದ್ದಳು.

"ಪರವಾಗಿಲ್ವೇ. ಯಾರು ಹೇಳಿಕೊಟ್ಟರು?"

"ಯಾರೂ ಇಲ್ಲ ಸಾರ್. ನಾನೇ ಕಂಡುಕೊಂಡೆ."

ಎರಡು ಮಾರು ದೂರದಲ್ಲಿ ಮಗ್ಗಿಯಕ್ಕ ಕಾರ್ಡು ಕಟ್ಟುತ್ತಿದ್ದಳು. ಬೆರಳು ನಿಲ್ಲಲಿಲ್ಲ, ಆದರೆ ಆ ಕಟ್ಟನ್ನು ಮತ್ತೆ ಮೊದಲಿಂದ ಎಣಿಸಬೇಕಾಯಿತು. ಕುರ್ಚಿ ಓರಗಿತ್ತಿಯದಾಯಿತು. ಇಬ್ಬರಿಗೂ ಮನೆ ಒಂದೇ, ಒಲೆ ಒಂದೇ. ಆ ಸಂಜೆ ಅಡುಗೆಮನೆಯಲ್ಲಿ ಮಾತಾಡಿದ್ದು ಪಾತ್ರೆಗಳು ಮಾತ್ರ.

ಮೂರು ವಾರಕ್ಕೆ ಒಂದು ಪೆಟ್ಟಿಗೆ ವಾಪಸ್ ಬಂತು. ಆರ್ಡರ್ ಇದ್ದದ್ದು ಐದು ಪೊಟ್ಟಣ, ನಾಲ್ಕು ಕಾರ್ಡು, ಮೂರು ಬಿಡಿ. ಹೋದದ್ದು ಮೂರು ಪೊಟ್ಟಣ, ನಾಲ್ಕು ಕಾರ್ಡು, ಐದು ಬಿಡಿ. ಹೇಗೆ ಕೂಡಿಸಿದರೂ ಹನ್ನೆರಡೇ. ಆರ್ಡರಿನ ಚೀಟಿ ನೋಡುವುದನ್ನೇ ಬಿಟ್ಟಿದ್ದ ಓರಗಿತ್ತಿ ಸರಿ ಎಂದು ಗುರುತು ಹಾಕಿ ಕಳಿಸಿದ್ದಳು. ಆರ್ಡರ್ ಕೊಟ್ಟವರಲ್ಲಿ ಹದಿನಾರು ಅಂಗಿ ಗುಂಡಿಯಿಲ್ಲದೆ ಬಾಯಿಬಿಟ್ಟುಕೊಂಡು ಕೂತಿದ್ದವು.

"ಇದೇನಾ ನಿನ್ನ ಲೆಕ್ಕ?" ಅಂದ ಸೂಪರ್‌ವೈಸರ್.

"ನಂದಲ್ಲ ಸಾರ್. ಅಕ್ಕ ಹೇಳಿಕೊಟ್ಟಿದ್ದು."

ಹಜಾರವೆಲ್ಲ ತಿರುಗಿ ನೋಡಿತು. ಮೂರು ವಾರದಿಂದ ಮಗ್ಗಿಯಕ್ಕ ಕೇಳಬೇಕೆಂದಿದ್ದ ಮಾತು ಅದೇ. ಬಂದದ್ದು ಹೀಗೆ.

"ಹೌದು ಸಾರ್, ನಂದೇ" ಅಂದಳು. "ಅಂಕಿ ಜಾಗ ಬದಲಾಯಿಸಿದರೆ ಮೊತ್ತ ಬದಲಾಗಲ್ಲ. ಅದಕ್ಕೇ ಚೀಟಿಯನ್ನೂ ನೋಡಬೇಕು. ಅದನ್ನ ಮಾರನೇ ದಿನ ಹೇಳೋಣ ಅಂತಿದ್ದೆ. ಅಷ್ಟರಲ್ಲಿ ಅವಳೇ ಕಂಡುಕೊಂಡುಬಿಟ್ಟಿದ್ದಳು."

ಯಾರೋ ನಕ್ಕರು. ಸೂಪರ್‌ವೈಸರ್ ನಗಲಿಲ್ಲ. "ಇಬ್ಬರೂ ಮೇಜಿಗೆ ಹೋಗಿ" ಅಂದ. ಕುರ್ಚಿಯ ಮೇಲೆ ಈಗ ಖಾಲಿ ಪೆಟ್ಟಿಗೆಗಳನ್ನು ಪೇರಿಸಿದ್ದಾರೆ.

ಓರಗಿತ್ತಿ ಮತ್ತೆ ಪಕ್ಕಕ್ಕೆ ಬಂದು ನಿಂತಳು. ಒಂದು ಪೊಟ್ಟಣ ಕಟ್ಟಿ ಮುಗಿಸಿ ಕೇಳಿದಳು, "ಅಕ್ಕಾ, ಹೇಳದೆ ಉಳಿದದ್ದು ಇನ್ನೂ ಏನಾದರೂ ಇದೆಯಾ?"

ಮಗ್ಗಿಯಕ್ಕ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಾಯಿಸಿದಳು.

"ಇದೆ" ಎಂದವಳು ಮುಂದಿನ ಕಾರ್ಡು ಎತ್ತಿಕೊಂಡಳು.