ಬಾವಿಯ ಈಜುಗಾರ ಕಡಲಿಗೆ ಹೊರಟದ್ದು

ರೋಣದಲ್ಲಿ ಯಾರ ಕೊಡ ಬಾವಿಗೆ ಬಿದ್ದರೂ ಮುಳುಗಿ ತೆಗೆಯುವವನು ನಮ್ಮ ಪಕ್ಕದ ಮನೆಯ ಗೆಳೆಯನೇ. ಮೇಲೆ ಬಂದವನೇ ತಳದ ಕೆಸರನ್ನು ಅಂಗೈಯಲ್ಲಿ ತೋರಿಸಿ ನಗುತ್ತಿದ್ದ. ಸ್ವಾತಂತ್ರ್ಯ ಬಂದು ಏಳೆಂಟು ವರ್ಷಗಳಾಗಿದ್ದವು. ಕಾರವಾರದಲ್ಲಿದ್ದ ಅವನ ಭಾವ, ಸಮುದ್ರದಲ್ಲಿ ದೋಣಿಯೊಂದಿಗೆ ಮುಳುಗಿದ ಹೆಂಚಿನ ರಾಶಿ ಎತ್ತಲು ಅವನನ್ನು ಬರಹೇಳಿದ. ಎಂಟು ದಿನದ ಕೆಲಸ, ದೋಣಿಯಲ್ಲೇ ಊಟ, ನಿದ್ದೆ.

ಅವನ ಸಾಮಾನು ಕಟ್ಟಿಕೊಡಲು ಹೋಗಿ ನಾನು ಸಿಕ್ಕಿಬಿದ್ದೆ. ಟ್ರಂಕು ಮುಚ್ಚಿದಾಗಲೆಲ್ಲ "ತಡಿಯಪಾ, ಇದೊಂದ ಇರ್ಲಿ" ಎಂದು ಮತ್ತೆ ತೆರೆಸುತ್ತಿದ್ದ. ಕೌದಿ ಬಂತು, ಶೇಂಗಾ ಚಟ್ನಿ ಬಂತು, ಗೋಡೆಯ ಕನ್ನಡಿಯೂ ಬಂತು. ಕೊನೆಗೆ ಛತ್ರಿ ತಂದ.

"ನೀರಾಗ ಮುಳಗಾಂವಗ ಛತ್ರಿ ಯಾಕೋ ಮಾರಾಯಾ?"

"ಮಳಿ ಬಂದ್ರ ತೋಯ್ತೀನಲ್ಲೋ!"

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ನಾನು ಟ್ರಂಕಿನ ಮೇಲೆ ಕೂತೆ, ಅವನ ಹೆಂಡತಿ ಚಿಲಕ ಹಾಕಿದಳು.

ಗದಗಿನ ಬಸ್ಸಿನ ಕಂಡಕ್ಟರ್ ಟ್ರಂಕು ನೋಡಿ, "ಇದಕ್ಕ ಜಾಗಾ ಇಲ್ರಿ. ನೀವಷ್ಟ ಬರ್ರಿ" ಎಂದ. ಇವನು ಹತ್ತಲಿಲ್ಲ. ಬಸ್ಸು ಹೋಯಿತು. ನಾನು ಬಾಯಿಗೆ ಬಂದಂತೆ ಬೈದೆ. ಅವನು ಟ್ರಂಕಿನ ಮೇಲೆ ಕೂತು, ನನ್ನ ಬೈಗುಳ ಮುಗಿಯುವವರೆಗೆ ಕಾದು, ಮೆಲ್ಲಗೆ ಕೇಳಿದ.

"ಸಮುದ್ರಕ್ಕ ತಳಾ ಅಂತ ಇರ್ತದೇನೋ?"

ನಾನೂ ಸಮುದ್ರ ಕಂಡವನಲ್ಲ. ಆದರೂ, "ಇರ್ತದ. ಇಲ್ಲಾಂದ್ರ ನೀರು ಎದರ ಮ್ಯಾಲೆ ನಿಂದರಬೇಕು?" ಎಂದೆ.

"ಹೌದಲ್ಲ" ಎಂದ.

ಮರುದಿನ ಟ್ರಂಕು ಮನೆಯಲ್ಲೇ ಬಿಟ್ಟು, ಒಂದು ಕೈಚೀಲ ಹಿಡಿದು ಬಸ್ಸು ಹತ್ತಿದ. ನಾನು ಕೈ ಬೀಸಿದೆ. ಅವನು ಬೀಸಲಿಲ್ಲ, ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು ಕೂತಿದ್ದ.