ಯಾವ ಪಾದ ತಣ್ಣಗಿದೆ

ಸುರಪುರದಲ್ಲಿ ಬಿಲ್ಲು ಹಿಡಿಯುವವರಿಗಿಂತ ಬಿಲ್ಲಿನ ಕಥೆ ಹೇಳುವವರೇ ಹೆಚ್ಚು. ನಮ್ಮ ಮನೆಯಲ್ಲಿ ಇಬ್ಬರೂ ಇದ್ದರು. ಹಿಡಿಯುವವಳು ತಂಗಿ, ಹೇಳುವವನು ಮುತ್ಯಾ, ಅಂದರೆ ಅಪ್ಪನ ಅಪ್ಪ. ನಾನು ಇಬ್ಬರ ಜೊತೆಗೂ ವಾದಕ್ಕಿಳಿಯುವವಳು. ಕಾಲೇಜಿನ ಚರ್ಚಾಸ್ಪರ್ಧೆಗಳು ಕಲಿಸಿದ್ದೇ ಅದು: ಪುರಾವೆ ಕೇಳು, ಸಿಗದಿದ್ದರೆ ಒಪ್ಪಬೇಡ.

ಅವತ್ತು ಬೆಳಿಗ್ಗೆ ಅಭ್ಯಾಸದ ಮೈದಾನದಲ್ಲಿ ತಂಗಿ ಗುರಿಹಲಗೆಯಿಂದ ತನ್ನ ಬಾಣ ಕಿತ್ತುಕೊಳ್ಳಲು ಹೋಗಿದ್ದಳು. ಪಕ್ಕದ ಸಾಲಿನವನು ನೋಡದೆ ಬಿಟ್ಟ ಬಾಣ ಅವಳ ಬಲಮೊಣಕಾಲಿನ ಹಿಂದೆ, ತುಸು ಮೇಲೆ ನಾಟಿತು. ರಕ್ತ ಹೆಚ್ಚು ಬರಲಿಲ್ಲ. ನನಗೆ ಹೆದರಿಕೆಯಾದದ್ದು ಅದಕ್ಕೇ: ಬಾಣವೇ ಗಾಯಕ್ಕೆ ಬಿರಡೆಯಾಗಿರಬೇಕು.

ಆಟ ನೋಡಲು ಬಂದಿದ್ದ ಮುತ್ಯಾ ಆಗಲೇ ಬಾಣಕ್ಕೆ ಕೈ ಹಾಕಿದ್ದ. "ಜಗ್ಗಿ ತಗೀತೀನಿ. ನಮ್ಮ ಹಿರ್ಯಾರು ಮುಳ್ಳಿನ ಮೊನಿ ಬಾಣ ಮುಂದಕ್ಕ ದಬ್ಬಿ ಆ ಕಡಿಂದ ತಗೀತಿದ್ರು. ಕಾದ ಎಣ್ಣಿ ಹುಯ್ದು ಅರಿಶಿಣ ಮೆತ್ತಿದ್ರ ಮುಗೀತು. ಇದಕ್ಕ ಮುಳ್ಳ ಇಲ್ಲ, ಸಲೀಸ ಬರ್ತದ."

"ಕೈ ತಗಿ ಮುತ್ಯಾ. ಉಳದವ್ರು ಕಥಿ ಹೇಳ್ಯಾರ. ಸತ್ತವ್ರ ಕಥಿ ಯಾರ ಹೇಳ್ಬೇಕು?"

"ಎಲ್ಲಾದಕ್ಕೂ ಒಂದ್ ಮಾತು ಇರ್ತದ ನಿನ್ನ ಕಡಿ!"

"ನೀವಿಬ್ರೂ ಆಮ್ಯಾಗ ಜಗಳಾಡ್ರಿ," ತಂಗಿ ಹಲ್ಲು ಕಚ್ಚಿ ಅಂದಳು. "ಮೊದ್ಲ ನನ್ನ ಎತ್ರಿ."

ಮುತ್ಯಾ ಕೈ ತೆಗೆದ. ವಾದದಲ್ಲಿ ಗೆದ್ದೆ. ಆದರೆ ನನ್ನ ಪುರಾವೆ ಏನು? ಎಂದೋ ಕಾಲೇಜಿನಲ್ಲಿ ಕೇಳಿದ ಪ್ರಥಮ ಚಿಕಿತ್ಸೆಯ ಒಂದು ಪಾಠ: ನಾಟಿದ್ದನ್ನು ಕೀಳಬಾರದು. ಅಷ್ಟೇ.

ತಾಲೂಕು ಆಸ್ಪತ್ರೆಯ ಡಾಕ್ಟರು ಬಾಣ ಅಲುಗದಂತೆ ಸುತ್ತ ಹತ್ತಿ ಒತ್ತಿ ಬ್ಯಾಂಡೇಜು ಕಟ್ಟಿದರು. "ರಕ್ತನಾಳದ ಹತ್ರ ಐತಿ, ಇಲ್ಲಿ ತಗ್ಯಾಕ ಬರಂಗಿಲ್ಲ. ಯಾದಗಿರಿಗೆ ಒಯ್ರಿ. ದಾರ್ಯಾಗ ಎರಡೂ ಪಾದ ಮುಟ್ಟಿ ನೋಡ್ಕೋತ ಇರ್ರಿ. ಬಲಪಾದ ತಣ್ಣಗಾತು ಅಂದ್ರ ರಕ್ತ ಹೋಗವಲ್ದು ಅಂತ. ಬಾಳ ಹೊತ್ತು ಹಂಗಿದ್ರ ಕಾಲು ಉಳಿಯೂದು ಕಷ್ಟ."

ಅಂಬುಲೆನ್ಸಿನಲ್ಲಿ ನರ್ಸು ಎರಡೂ ಕೈಯಿಂದ ಬ್ಯಾಂಡೇಜು ಹಿಡಿದು ಕುಳಿತಿದ್ದರು. ಪಾದ ನೋಡುವ ಕೆಲಸ ನನ್ನದು. ಮುಟ್ಟಿದೆ. ಏನೂ ತಿಳಿಯಲಿಲ್ಲ, ನನ್ನ ಬೆರಳುಗಳೇ ಹೆದರಿಕೆಗೆ ತಣ್ಣಗಾಗಿದ್ದವು. ಮುತ್ಯಾ ಮುಟ್ಟಿ, "ಎರಡೂ ಬೆಚ್ಚಗದಾವ" ಅಂದ. ನನ್ನ ಸಮಾಧಾನಕ್ಕೆ ಹೇಳಿದನೋ, ನಿಜವೋ?

"ಕಣ್ಣು ಮುಚ್ಚು. ಬಾಣ ಬಿದ್ದ ಕಾಲು ಯಾವುದು ಹೇಳು," ಅಂದೆ.

"ಇದೇನು ಹುಡುಗಾಟ?"

"ಮುಚ್ಚು ಮುತ್ಯಾ."

ಅವನ ಕೈಯನ್ನು ಒಂದು ಪಾದದ ಮೇಲಿಟ್ಟೆ, ತೆಗೆದು ಇನ್ನೊಂದರ ಮೇಲಿಟ್ಟೆ. ಒಮ್ಮೆ ತಪ್ಪು ಹೇಳಿದ, ಒಮ್ಮೆ ಸರಿ, ಮತ್ತೆ ತಪ್ಪು. ಅಂದರೆ ಎರಡರ ಬಿಸಿಯಲ್ಲೂ ವ್ಯತ್ಯಾಸವಿಲ್ಲ. ಅವನು ಸೋತಷ್ಟೂ ನನಗೆ ಉಸಿರು ಬರುತ್ತಿತ್ತು. "ಮುತ್ಯಾ ಫೇಲ್," ಎಂದು ತಂಗಿ ನಕ್ಕಳು ಕೂಡ.

ಶಹಾಪುರದ ಪೇಟೆಯಲ್ಲಿ ಹತ್ತಿ ಹೇರಿದ ಲಾರಿಗಳ ಹಿಂದೆ ಸಿಕ್ಕಿಬಿದ್ದೆವು. ಸೈರನ್ನಿಗೂ ದಾರಿ ಬೇಗ ಬಿಡಲಿಲ್ಲ. ಊರು ದಾಟಿ, ಭತ್ತದ ಗದ್ದೆಗಳ ನಡುವೆ ಮತ್ತೆ ಕಣ್ಣು ಮುಚ್ಚಿಸಿದೆ. ಮುತ್ಯಾ ಸರಿ ಹೇಳಿದ. ಅದಲುಬದಲು ಮಾಡಿದೆ. ಸರಿ. ಮತ್ತೂ ಸರಿ.

"ಈಗ ಗೊತ್ತಾತು ನೋಡು!" ಗೆದ್ದ ಖುಷಿಯಲ್ಲಿ ಕಣ್ಣು ತೆರೆದವನು ನನ್ನ ಮುಖ ನೋಡಿದ. ಆಮೇಲೆ ಅವನ ಕೈ ಆ ತಣ್ಣನೆಯ ಪಾದವನ್ನು ಬಿಡಲಿಲ್ಲ.

ನರ್ಸಿಗೆ ಹೇಳಿದೆ. ಅವರು ಮುಟ್ಟಿ ನೋಡಿ, ತಕ್ಷಣ ಯಾದಗಿರಿಗೆ ಫೋನ್ ಮಾಡಿದರು. ಭೀಮೆಯ ಸೇತುವೆ ದಾಟಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಆಪರೇಷನ್ನಿಗೆ ಎಲ್ಲ ಸಿದ್ಧವಾಗಿತ್ತು.

ಬಾಣ ರಕ್ತನಾಳಕ್ಕೆ ಆತುಕೊಂಡಿತ್ತು, ಸುತ್ತ ಬಾವು ಬಂದು ನಾಳವನ್ನು ಒತ್ತಿತ್ತು ಎಂದು ಸರ್ಜನ್ ಆಮೇಲೆ ವಿವರಿಸಿದರು. ಮೈದಾನದಲ್ಲೇ ಕಿತ್ತಿದ್ದರೆ ಎಂದು ಕೇಳಿದೆ. "ನಾಳ ಹರೀಬಹುದಿತ್ತು, ಹರೀದೆಯೂ ಇರಬಹುದಿತ್ತು. ಹೆಂಗ ಹೇಳ್ಲಿ?" ಅಂದರು. ಪಾದಕ್ಕೆ ರಕ್ತ ಮರಳಿದೆ, ಆದರೆ ನರದ ಕಥೆ ಬೆರಳು ಆಡಿದ ಮೇಲೇ ಗೊತ್ತಾಗುವುದು ಎಂದರು.

ಸಂಜೆ ಅವಳ ಹೆಬ್ಬೆರಳು ಅಲುಗಿತು. ಮುತ್ಯಾ ಕೈ ಮುಗಿದ.

"ಇನ್ನೊಮ್ಮೆ ಅಲುಗಿಸು," ಅಂದೆ.

"ಒಮ್ಮೆ ಸಾಲ್ದೇನಕ್ಕಾ?" ಮಂಪರಿನಲ್ಲೇ ಕೇಳಿದಳು.

"ಸಾಲ್ದು."