ಮೈಯಲ್ಲಿ ನಿಂತ ತಾಮ್ರ

ನನ್ನ ಹಿರಿಮಗಳು, ನಿಮ್ಮ ದೊಡ್ಡಮ್ಮನ ಬಲಗೈ ನಡುಗಲು ಶುರುವಾದಾಗ ಅವಳಿಗೆ ಹದಿನಾಲ್ಕು ವರ್ಷ. ನಿಮ್ಮ ತಾತ ತೀರಿಹೋಗಿ ಎರಡು ವರ್ಷವಾಗಿತ್ತು. ಕೋಸಿನ ಹೊಲದಲ್ಲಿ ಆಳುಗಳಿಗೆ ಮಜ್ಜಿಗೆ ಕೊಡುವಾಗ ಅರ್ಧ ಲೋಟ ನೆಲಕ್ಕೇ ಚೆಲ್ಲುತ್ತಿದ್ದಳು. ಕೆಲಸಗಳ್ಳಿ ಎಂದು ನಾನೂ ಗದರಿದ್ದೆ. ಆಮೇಲೆ ಅವಳ ಅಕ್ಷರ ಸಣ್ಣದಾಗುತ್ತಾ ಓದಲಾಗದಂತಾಯಿತು, ಮಾತೂ ತೊದಲಿತು.

ನನ್ನ ಅತ್ತೆ, ಅಂದರೆ ನಿಮ್ಮ ತಾತನ ಅವ್ವ, ನನ್ನ ಅಪ್ಪನ ತಂಗಿಯೇ. ನರಕ್ಕೆ ತಾಮ್ರವೇ ಮದ್ದು ಎಂದರು ಅವರು. ಕೈಗೆ ತಾಮ್ರದ ಕಡಗ, ಕೊರಳಿಗೆ ತಾಮ್ರದ ತಗಡಿನ ತಾಯಿತ, ಕುಡಿಯಲು ತಾಮ್ರದ ಚೊಂಬಿನಲ್ಲಿ ತುಂಬಿಟ್ಟ ನೀರು. ನಡುಕ ಹೆಚ್ಚಿದಾಗ ಚೊಂಬಿನ ಬದಲು ಬಿಂದಿಗೆಯನ್ನೇ ಇಟ್ಟರು. ಅತ್ತೆಯ ಎದುರು ಮಾತಾಡಿ ನನಗೆ ಅಭ್ಯಾಸವಿರಲಿಲ್ಲ. ದಿನವೂ ಅದಕ್ಕೆ ನೀರು ತುಂಬಿಸಿದವಳು ನಾನು.

ಕೊನೆಗೆ ಮೂವರೂ ಮೈಸೂರಿನ ಒಂದು ಆಸ್ಪತ್ರೆಗೆ ಹೋದೆವು. ಡಾಕ್ಟರಮ್ಮ ದೀಪ ಹಿಡಿದು ಅವಳ ಕಣ್ಣು ನೋಡಿದರು. ಕರಿಗುಡ್ಡೆಯ ಸುತ್ತ ಕಂದು ಬಣ್ಣದ ಬಳೆಯಂಥ ಗೆರೆ ಇತ್ತು. ನೀರು ಯಾವುದರಲ್ಲಿ ಕುಡಿಯುತ್ತೀರಿ ಎಂದು ಕೇಳಿದರು.

"ಬರೀ ತಾಮ್ರದ್ದೇ ಕಣವ್ವ," ಅಂದರು ಅತ್ತೆ, ಹೆಮ್ಮೆಯಿಂದ. "ಸ್ಟೀಲ್ನ ಮುಟ್ಸೇ ಇಲ್ಲ."

ಡಾಕ್ಟರಮ್ಮ ಬೈಯಲಿಲ್ಲ, ಬಿಡಿಸಿ ಹೇಳಿದರು. ತಾಮ್ರ ಎಲ್ಲರ ಮೈಗೂ ಚೂರು ಬೇಕು, ಅದು ಕಾಳು ಕಡ್ಡಿಯಲ್ಲೇ ಸಿಗುತ್ತದೆ. ಲಿವರ್ ಬೇಕಾದಷ್ಟು ಇಟ್ಟುಕೊಂಡು ಮಿಕ್ಕಿದ್ದನ್ನು ಪಿತ್ತದ ಜೊತೆ ಹೊರಗೆ ಕಳಿಸುತ್ತದೆ. ಇವಳ ಲಿವರ್‌ಗೆ ಕಳಿಸಲು ಬರುವುದಿಲ್ಲ. ಕೆರೆ ತುಂಬಿದರೆ ನೀರು ಕೋಡಿಯಲ್ಲಿ ಹರಿದುಹೋಗುತ್ತದಲ್ಲ, ಇವಳ ಕೋಡಿ ಹುಟ್ಟಿನಿಂದಲೇ ಕಟ್ಟಿಕೊಂಡಿದೆ ಎಂದು ನಾನು ಅರ್ಥಮಾಡಿಕೊಂಡೆ. ನಿಂತ ತಾಮ್ರ ಮಿದುಳಿಗೂ ಕಣ್ಣಿಗೂ ಏರಿತ್ತು. ಕಾಯಿಲೆ ಬಿಂದಿಗೆಯಿಂದ ಬಂದದ್ದಲ್ಲ, ಆದರೆ ಅದರ ನೀರು ಇನ್ನು ಬೇಡ ಎಂದರು. ಇದು ತಂದೆ ತಾಯಿ ಇಬ್ಬರ ಕಡೆಯಿಂದಲೂ ಬರಬೇಕು, ಒಳಸಂಬಂಧದಲ್ಲಿ ಹೆಚ್ಚು, ತಂಗಿಯನ್ನೂ ಕರೆತನ್ನಿ ಎಂದರು.

ಆ ತಂಗಿ ನಿಮ್ಮ ಅವ್ವ. ಆಗ ಹತ್ತು ವರ್ಷದವಳು, ದಿನವಿಡೀ ಕುಂಟಬಿಲ್ಲೆ ಆಡುತ್ತಿದ್ದಳು. ಊರಿಗೆ ಬಂದ ಮೇಲೆ ಅತ್ತೆ ಒಪ್ಪಲಿಲ್ಲ.

"ಚೆಂದಾಗಿರ ಕೂಸ್ಗ್ಯಾಕ ಸೂಜಿ ಚುಚ್ಚಿಸ್ಬೇಕು? ಒಂದ್ರ ಪಾಡು ಸಾಲ್ದಾ ನಿನ್ಗ?"

ನಾನು ಎದುರಾಡಿದೆ. "ಇವ್ಳ ಕೈಯೂ ನಡುಗ ತಂಕ ಕಾಯಕ್ಕ ಆಗ್ದು ಅತ್ತೆ. ನಾಳ ಕರ್ಕ ಓಯ್ತೀನಿ."

ಅತ್ತೆ ಎದ್ದುಹೋದರು. ಬೆಳಗ್ಗೆ ನೋಡಿದರೆ ಮೂರು ರಾಗಿರೊಟ್ಟಿ ಸುಟ್ಟು ಬುತ್ತಿ ಕಟ್ಟಿಟ್ಟಿದ್ದರು.

ನಿಮ್ಮ ಅವ್ವನ ಮೈಯಲ್ಲೂ ತಾಮ್ರ ನಿಲ್ಲುತ್ತಿತ್ತು. ಲಿವರ್ ದಾಟಿ ಇನ್ನೂ ಮೇಲೇರಿರಲಿಲ್ಲ, ಅಷ್ಟೇ. ಇಬ್ಬರಿಗೂ ಬದುಕಿರುವವರೆಗೆ ತಾಮ್ರ ಇಳಿಸುವ ಮಾತ್ರೆ ಎಂದರು ಡಾಕ್ಟರಮ್ಮ.

ದೊಡ್ಡಮ್ಮನ ಕೈ ಹತೋಟಿಗೆ ಬರಲು ಒಂದೂವರೆ ವರ್ಷ ಹಿಡಿಯಿತು. ಮಾತು ಈಗಲೂ ತುಸು ನಿಧಾನ, ಅದಕ್ಕೆ ನೀವು ನಗಬಾರದು. ನಿಮ್ಮ ಅವ್ವನ ಕೈ ಒಂದು ದಿನವೂ ನಡುಗಿಲ್ಲ. ಬೆಳಗ್ಗೆ ಬರಿಹೊಟ್ಟೆಗೆ ಮಾತ್ರೆ ನುಂಗಿ, ಒಂದು ಗಂಟೆ ಅವಳು ಏನೂ ತಿನ್ನುವಂತಿಲ್ಲ. ಆ ಹೊತ್ತಿನಲ್ಲಿ ನಿಮಗೆ ಹಸಿವಾದರೆ ಅವಳನ್ನು ಒಲೆಯ ಮುಂದೆ ನಿಲ್ಲಿಸಬೇಡಿ, ನನ್ನನ್ನು ಕೇಳಿ.